ಪೋಸ್ಟ್‌ಮ್ಯಾನ್ ಎಡಗಾಲು ಸಿಗುತ್ತಿಲ್ಲ

ಅಕ್ಕನ ಮನೆಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಾಗಿಲಲ್ಲಿ ತಲೆ ಕಂಡರೆ ಸಾಕು, “ಇಂಜಿನಿಯರ್ ಬಂದ” ಎನ್ನುತ್ತಿದ್ದಳು ಅಕ್ಕ. ಇಂಜಿನಿಯರ್ರೂ ಇಲ್ಲ, ಗಿಂಜಿನಿಯರ್ರೂ ಇಲ್ಲ. ಗ್ರಂಥಾಲಯವೊಂದರಲ್ಲಿ ಕಂಪ್ಯೂಟರುಗಳ ಧೂಳು ಒರೆಸುವುದು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು, ಇಷ್ಟೇ ಅವನ ಕೆಲಸ. ಆದರೆ ಬಿರುದು ತಾನಾಗಿ ಬಂದರೆ ಬೇಡವೆನ್ನುವವರು ಯಾರು? ಇವನೂ ಎನ್ನಲಿಲ್ಲ.

ಅಕ್ಕ ಬೂಟು ಮಾಡುವವಳು. ಅಂಗಡಿಯ ಜೋಡು ಹೊಂದದ ಕಾಲುಗಳಿಗೆ ಮಾತ್ರ. ಒಂದು ಕಾಲು ಗಿಡ್ಡ ಇರುವವರು, ಬೆರಳು ಒಂದರ ಮೇಲೊಂದು ಹತ್ತಿದವರು, ಹಿಮ್ಮಡಿ ಹೊರಳಿದವರು ಅವಳ ಹತ್ತಿರ ಬರುತ್ತಿದ್ದರು. ಅಳತೆ ಅವಳದ್ದು, ಚರ್ಮ ಕತ್ತರಿಸಿ ಹೊಲಿಯುವುದು ಭಾವನದ್ದು. ಒಂದು ಕಾಲಿನ ಅಳತೆ ಸರಿಯಾಗಿ ಕೂರಲು ಎರಡು ಮೂರು ತಿಂಗಳು ಬೇಕು. ಹಾಕಿಕೊಂಡು ನಡೆದು ನೋಡಬೇಕು, ಎಲ್ಲಿ ಒತ್ತುತ್ತದೆ ಹೇಳಬೇಕು, ಅಲ್ಲಿ ಕೂದಲೆಳೆಯಷ್ಟು ಬಿಡಬೇಕು, ಮತ್ತೆ ನಡೆಯಬೇಕು. ಅಷ್ಟೂ ದಿನ ಆ ಮನುಷ್ಯ ನೋವು ತಿನ್ನಲೇಬೇಕು. ಆಮೇಲೆ ಸಿಗುವ ಕೊನೆಯ ಅಳತೆಯನ್ನು ಅಕ್ಕ ಕಂಪ್ಯೂಟರಿನಲ್ಲಿ ಜೋಪಾನ ಮಾಡುತ್ತಿದ್ದಳು. ಗಿರಾಕಿಗಳ ಹೆಸರು ಬರೆಯುವ ಅಭ್ಯಾಸ ಅವಳಿಗಿಲ್ಲ. ‘ಪೋಸ್ಟ್‌ಮ್ಯಾನ್ ಎಡಗಾಲು’, ‘ಡ್ರಾಯಿಂಗ್ ಟೀಚರ್ ಬಲಗಾಲು’, ‘ಸಿಡುಕಜ್ಜಿ ಎರಡೂ’, ಹೀಗೆ. ಆ ಪಟ್ಟಿ ಮಾತ್ರ ಒಂದು ಪೆನ್‌ಡ್ರೈವಿನಲ್ಲಿ, ದಾರ ಕಟ್ಟಿಕೊಂಡು ಸದಾ ಅವಳ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅಳತೆಗಳು ಕಂಪ್ಯೂಟರಿನ ಹೊಟ್ಟೆಯೊಳಗೆ.

ಆ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಹಿಂದಿನ ಸಂಜೆ ಪೂರ್ತಿ ನಿಂತೇಹೋಗಿ, ಭಾವ ಪ್ಲಗ್ ಕಿತ್ತು ಮತ್ತೆ ಹಾಕಿದ್ದರಂತೆ. ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಬರುವವರು, ಅವರ ಬೂಟಿನ ತಳ ಸವೆದು ಹೊಸ ಜೋಡು ಕತ್ತರಿಸಬೇಕಿತ್ತು.

“ಏನೂ ಯೋಚನೆ ಮಾಡ್ಬೇಡ. ರಿಸ್ಟೋರ್ ಮಾಡಿದ್ರೆ ಹೊಸದರ ಹಾಗೆ ಓಡುತ್ತೆ” ಎಂದ ತಮ್ಮ.

ಎರಡು ವರ್ಷದ ಹಿಂದೆ ಇಡೀ ಕಂಪ್ಯೂಟರಿನ ಒಂದು ಪ್ರತಿ ತೆಗೆದು ಅದರಲ್ಲೇ ಇಟ್ಟಿದ್ದ. ಈಗ ಅದನ್ನೇ ವಾಪಸ್ ಹಾಕಲು ಹೊರಟ. ಪರದೆಯ ಮೇಲೆ ನಾಲ್ಕು ಸಾಲಿನ ಒಂದು ಚೌಕ ಬಂತು, ಕೆಳಗೆ ‘ಹೌದು’, ‘ಬೇಡ’. ಹಿಂದೆ ಅಕ್ಕ ಸೊಂಟದ ಮೇಲೆ ಕೈಯಿಟ್ಟು ಹೆಮ್ಮೆಯಿಂದ ನೋಡುತ್ತಿದ್ದಳು, ಅವಳ ಪಕ್ಕ ಭಾವ. ನೋಡುವವರಿರುವಾಗ ತಡವರಿಸಿದರೆ ಇಂಜಿನಿಯರ್ ಹೇಗಾದಾನು? ‘ಹೌದು’ ಒತ್ತಿದ.

ಮುಕ್ಕಾಲು ಗಂಟೆಯ ನಂತರ ಕಂಪ್ಯೂಟರ್ ಎದ್ದಿತು. ಎದ್ದ ಕೂಡಲೇ ತಕರಾರು ಶುರು. ಪಾಸ್‌ವರ್ಡ್ ಎರಡು ವರ್ಷ ಹಿಂದಿನದು. ಸರಿಮಾಡಿದ. ಪ್ರಿಂಟರ್ ಯಾರೋ ಗೊತ್ತಿಲ್ಲ ಎಂದಿತು. ಅದರ ಸಾಫ್ಟ್‌ವೇರನ್ನು ಮತ್ತೆ ಹಾಕಿ ಪರಿಚಯ ಮಾಡಿಸಿದ. ಒಂದೊಂದು ಎರರ್ ಹೋದಾಗಲೂ ಅಕ್ಕ “ಅಬ್ಬಬ್ಬ!” ಎನ್ನುತ್ತಿದ್ದಳು. ಇವನು ಹುಬ್ಬು ಹಾರಿಸುತ್ತಿದ್ದ. ಕೊನೆಗೆ ಪೆನ್‌ಡ್ರೈವ್ ಚುಚ್ಚಿ ಅಳತೆಯ ಪ್ರೋಗ್ರಾಮ್ ತೆರೆದ.

‘ಪೋಸ್ಟ್‌ಮ್ಯಾನ್ ಎಡಗಾಲು ಸಿಗುತ್ತಿಲ್ಲ’ ಎಂದಿತು ಪರದೆ.

ಅಕ್ಕ ನಕ್ಕುಬಿಟ್ಟಳು. “ಅಯ್ಯೋ, ಎಲ್ಲಿ ಬಿಟ್ಟು ಬಂದ್ರಂತೆ?”

ಓಕೆ ಒತ್ತಿದ. ‘ಡ್ರಾಯಿಂಗ್ ಟೀಚರ್ ಬಲಗಾಲು ಸಿಗುತ್ತಿಲ್ಲ.’ ಓಕೆ. ‘ಸಿಡುಕಜ್ಜಿ ಎರಡೂ ಸಿಗುತ್ತಿಲ್ಲ.’ ಓಕೆ. ಹತ್ತನೆಯ ಕಾಲಿಗೆ ಅಕ್ಕನ ನಗು ನಿಂತಿತು. ಅರವತ್ತಮೂರನೆಯದಕ್ಕೆ ಚೌಕಗಳು ನಿಂತವು. ಎರಡು ವರ್ಷದಲ್ಲಿ ಸೇರಿಸಿದ ಒಂದು ಕಾಲೂ ಇರಲಿಲ್ಲ.

‘ಹೌದು’ ಒತ್ತಿದ ಆ ಚೌಕದಲ್ಲಿ ಏನಿತ್ತೆಂದು ತಮ್ಮನಿಗೆ ಈಗ ಹೊಳೆಯಿತು. ಪ್ರತಿ ತೆಗೆದ ದಿನದ ನಂತರದ್ದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ ಎಂದು ಕೇಳಿತ್ತು.

“ಹೋಗ್ಲಿ ಬಿಡು. ಪ್ರತಿ ತಿಂಗಳು ಆ ಕರಿ ಡಿಸ್ಕಿಗೆ ಹಾಕ್ತಿದ್ಯಲ್ಲ, ಅದನ್ನ ತಂದ್ರಾಯ್ತು” ಎಂದಳು ಅಕ್ಕ.

ಕರಿ ಡಿಸ್ಕ್ ಅವನ ಮನೆಯ ಟೀವಿಗೆ ಅಂಟಿಕೊಂಡಿತ್ತು. ಮೊದಲ ಮೂರು ತಿಂಗಳು ನಿಯತ್ತಾಗಿ ಬ್ಯಾಕಪ್ ಮಾಡಿದ್ದ. ಆಮೇಲೆ ಸಿನಿಮಾಗಳಿಗೆ ಜಾಗ ಸಾಲದೆ ಅಕ್ಕನ ಕಾಲುಗಳನ್ನೆಲ್ಲ ಅಳಿಸಿದ್ದ. ಪ್ರತಿ ತಿಂಗಳು ಬಂದು, ಹೊಟ್ಟೆ ತುಂಬ ಉಂಡು, ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಇಸ್ಪೀಟು ಆಡಿ, “ಆಯ್ತಕ್ಕ, ಭದ್ರ” ಎಂದು ಎದ್ದು ಹೋಗುತ್ತಿದ್ದ. ಇದನ್ನು ಈಗ ಹೇಳುವುದೆಂದರೆ ಇದ್ದಲ್ಲೇ ಬಟ್ಟೆ ಬಿಚ್ಚಿ ನಿಂತ ಹಾಗೆ. ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು.

“ಅಕ್ಕ, ಆ ಡಿಸ್ಕ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೀನಿ… ಭಾವ, ನಿನ್ನೆ ನೀವು ಪ್ಲಗ್ ಕಿತ್ರಲ್ಲ? ಓಡ್ತಿರೋವಾಗ ಕಿತ್ರೆ ಫೈಲುಗಳು ಹೀಗೇ ಹೋಗೋದು.”

ಭಾವ ಅವನನ್ನೊಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿದರು. “ಹೌದು. ಕಿತ್ತೆ. ತಪ್ಪಾಯ್ತು” ಎಂದರು.

“ರೀ! ನೂರು ಸಲ ಹೇಳಿದ್ದೀನಿ, ಅದರ ತಂಟೆಗೆ ಹೋಗ್ಬೇಡಿ ಅಂತ!” ಅಕ್ಕ ಶುರು ಮಾಡಿದವಳು ನಿಲ್ಲಿಸಲಿಲ್ಲ. ಐವತ್ತೆಂಟು ವರ್ಷದ ಮನುಷ್ಯ ಕೈಯಲ್ಲಿ ಚರ್ಮದ ತುಂಡು ಹಿಡಿದುಕೊಂಡು, ಶಾಲೆಯ ಬೆಂಚಿನ ಮೇಲೆ ನಿಲ್ಲಿಸಿದವರ ಹಾಗೆ ನಿಂತು ಬೈಸಿಕೊಂಡರು. ತಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ. ಅಳಿಸಿದ್ದನ್ನು ಹುಡುಕುವ ಪ್ರೋಗ್ರಾಮ್ ಹಾಕಿ ನೋಡಿದ. ಸಿಕ್ಕಿದ್ದು ಅರ್ಧ ಹಿಮ್ಮಡಿ, ಯಾರದ್ದೋ ಕಿರುಬೆರಳು. ಈಗ ಹೇಳಿಬಿಡಲೇ ಎಂದುಕೊಂಡ. ಅಕ್ಕನ ಬೈಗುಳ ಮುಗಿಯಲಿ ಎಂದುಕೊಂಡ. ಮುಗಿದಾಗ ಇನ್ನೂ ಕಷ್ಟವಾಗಿತ್ತು.

ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಬಂದರು. ಅಕ್ಕ ವಿಷಯ ಹೇಳಿದಳು. ನಮ್ಮನೆಯವರು ಪ್ಲಗ್ ಕಿತ್ತು ಎಲ್ಲ ಹೋಯಿತು, ಮತ್ತೆ ಮೊದಲಿಂದ ಅಳತೆ ತೆಗೆಯಬೇಕು, ಎರಡು ತಿಂಗಳಾದರೂ ಹಿಡಿಯುತ್ತೆ.

“ಪರವಾಗಿಲ್ಲ ಬಿಡಮ್ಮ” ಎಂದರು ಅವರು. ಎಂದವರು ಬಗ್ಗಿ ತಮ್ಮ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು. ಆ ಎರಡು ತಿಂಗಳು ಹೇಗಿದ್ದವೆಂದು ಆ ಕಾಲಿಗೆ ಗೊತ್ತಿತ್ತು.

ಆಗ ಭಾವ ಏಣಿ ಹಾಕಿ ಅಟ್ಟ ಹತ್ತಿದರು. ಇಳಿದಾಗ ತೋಳಿನಲ್ಲಿ ಕಂದು ಕಾಗದದ ದೊಡ್ಡ ಸುರುಳಿ. ಹರಡಿದರೆ ಎಲ್ಲವೂ ಕಾಲುಗಳು! ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದು, ಎಲ್ಲಿ ಎಷ್ಟು ಬಿಡಬೇಕೆಂದು ದುಂಡು ಅಕ್ಷರದಲ್ಲಿ ಬರೆದ ಕಾಲುಗಳು.

ಅಕ್ಕ ಬೆಪ್ಪಾದಳು. “ಇದನ್ನೆಲ್ಲ ಬಿಸಾಕಿ ಅಂದಿದ್ನಲ್ರೀ?”

ಹಾಗೆ ಹೇಳಿಸಿದವನು ತಮ್ಮನೇ. ‘ಈ ಕಾಲದಲ್ಲೂ ಕಾಗದವಾ ಭಾವ’ ಎಂದು ನಗೆಯಾಡಿದ್ದ.

“ನೀನು ಅಂದಿದ್ದೆ. ನಾನು ಆಮೇಲೂ ಬರೀತಾ ಬಂದೆ” ಎಂದರು ಭಾವ, ಕದ್ದು ಸಿಕ್ಕಿಬಿದ್ದವರ ಹಾಗೆ. “ಕೈ ಕೇಳ್ಲಿಲ್ಲ.”

ಅಕ್ಕ ಮೊದಲು ಅತ್ತಳು, ಆಮೇಲೆ ಪೋಸ್ಟ್‌ಮ್ಯಾನ್ ಎಡಗಾಲು ಹುಡುಕಿ ಗೋಡೆಗೆ ಹಚ್ಚಿದಳು. ಭಾವ ಒಂದೊಂದೇ ಕಾಗದ ಹಿಡಿದು ಓದತೊಡಗಿದರು. ತಮ್ಮ ಟೈಪ್ ಮಾಡಿದ. ಭಾವನ ಓದು ತೀರಾ ನಿಧಾನ, ಬೆರಳಿಟ್ಟು ಓದುವವರು. ನಾಲ್ಕನೆಯ ಕಾಲಿಗೆ ತಮ್ಮ ಅಸಹನೆಯಿಂದ, “ಸ್ವಲ್ಪ ಬೇಗ ಓದಿ ಭಾವ” ಎಂದ.

“ನಂದು ಓದು ನಿಧಾನಾನೇ ಕಣೋ” ಎಂದರು ಭಾವ, ಅಕ್ಕನಿಗೆ ಕೇಳಿಸದ ದನಿಯಲ್ಲಿ. “ಬೆಳಿಗ್ಗೆ ಆ ಚೌಕ ಬಂತಲ್ಲ, ಎರಡನೇ ಸಾಲಿನಲ್ಲಿ ‘ಅಳಿಸಿಹೋಗುತ್ತದೆ’ ಅಂತಿತ್ತು. ನಿಲ್ಲು ಅನ್ನೋಣ ಅಂದ್ಕೊಂಡೆ. ಅಷ್ಟರಲ್ಲಿ ನೀನು ಒತ್ತಿಬಿಟ್ಟೆ.”

ಕೀಲಿಗಳ ಮೇಲೆ ತಮ್ಮನ ಬೆರಳು ನಿಂತವು. ಭಾವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆ ತಗ್ಗಿಸಿದ್ದರು, ಹೆಂಡತಿಯ ಎದುರು ಅವಳ ತಮ್ಮನ ಮುಖ ಉಳಿಯಲೆಂದು.

“ಯಾಕೆ ಭಾವ?”

“ಅವಳಿಗೆ ನಿನ್ನ ಮೇಲೆ ಅಷ್ಟು ಹೆಮ್ಮೆ. ನನಗೆ ಬೈಸ್ಕೊಂಡು ಅಭ್ಯಾಸ ಇದೆ” ಎಂದು ಮುಂದಿನ ಕಾಗದ ಎತ್ತಿಕೊಂಡರು. “ಸಿಡುಕಜ್ಜಿ, ಬಲಗಾಲು, ಹೆಬ್ಬೆರಳ ಹತ್ತಿರ…”

ಆಚೆ ಬದಿಯಲ್ಲಿ ಅಕ್ಕ ಪೋಸ್ಟ್‌ಮ್ಯಾನ್‌ಗೆ ಹೇಳುತ್ತಿದ್ದಳು: “ಇವರು ಹಾಳು ಮಾಡಿದ್ರೂ, ಪುಣ್ಯಕ್ಕೆ ನಮ್ಮ ಇಂಜಿನಿಯರ್ ಇಲ್ಲೇ ಇದ್ದ ನೋಡಿ.”

ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಅದು ಬಿಡಲಿಲ್ಲ. ಎದ್ದು ನಿಂತ.

“ಅಕ್ಕ, ಪ್ಲಗ್ಗಿಂದ ಏನೂ ಆಗಿಲ್ಲ. ಅಳಿಸಿದ್ದು ನಾನು, ಓದದೆ ಒತ್ತಿದೆ. ಡಿಸ್ಕೂ ಕೆಟ್ಟಿಲ್ಲ. ಬ್ಯಾಕಪ್ ಮಾಡ್ತಾ ಇರ್ಲಿಲ್ಲ ನಾನು. ಅದರಲ್ಲಿ ಸಿನಿಮಾ ತುಂಬಿಸಿದ್ದೀನಿ.”

ಪೋಸ್ಟ್‌ಮ್ಯಾನ್ ಕಾಲು ಕೆಳಗಿಟ್ಟು ಬೇರೆಲ್ಲೋ ನೋಡಿದರು. ಅಕ್ಕ ಗಂಡನ ಕಡೆ ತಿರುಗಿದಳು. ಅವರು ಕಾಗದ ಸರಿಮಾಡುವ ನೆಪದಲ್ಲಿ ಬಗ್ಗಿದ್ದರು. ಅಷ್ಟು ಹೊತ್ತು ಅವರಿಗೆ ತಾನು ಆಡಿದ ಮಾತುಗಳೆಲ್ಲ ಅವಳ ಮುಖದ ಮೇಲೆ ಬಂದು ಹೋದವು. ತಮ್ಮ ಬೈಗುಳಕ್ಕೆ ಕಾದ. ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕ ಬೈಯಲಿಲ್ಲ. ಗಂಡನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಕಾಗದದ ಇನ್ನೊಂದು ಅಂಚು ಹಿಡಿದುಕೊಂಡಳು. ಆಮೇಲೆ ಎಷ್ಟೋ ವರ್ಷಗಳ ನಂತರ ಮೊದಲ ಸಲ ತಮ್ಮನನ್ನು ಅವನ ಹೆಸರು ಹಿಡಿದು ಕರೆದಳು.

“ಕೂತ್ಕೋ. ಇನ್ನೂ ಐವತ್ತೊಂಬತ್ತು ಕಾಲಿದೆ. ಭಾವ ಓದೋಷ್ಟೇ ನಿಧಾನ ಬರಿ.”