ಕಾಗದದಮ್ಮ ಬಂದ ದಿನ

ಚಿಟಿಕೆ ತೀರಿಕೊಂಡದ್ದು ಮೊದಲು ತಿಳಿದದ್ದು ಅಡುಗೆಯಜ್ಜಿಗೆ. ಬೆಳಿಗ್ಗೆ ಆರಕ್ಕೆ ಬಿಸಿ ಹಾಲಿನ ಲೋಟ ಹಿಡಿದು ಕಾಯಿಲೆ ಕೋಣೆಯ ಬಾಗಿಲು ತಳ್ಳಿದಾಗ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನದಿಂದ ಕೆಂಡದಂತೆ ಸುಡುತ್ತಿದ್ದ ಹಣೆ ಕೈಗೆ ತಣ್ಣಗೆ ತಗುಲಿತು. ಅಜ್ಜಿ ಲೋಟವನ್ನು ನೆಲದ ಮೇಲಿಟ್ಟು, ಸರಿದುಹೋಗಿದ್ದ ಕಂಬಳಿಯನ್ನು ಎಳೆದು ಹೊದಿಸಿದಳು. ಇವಳಿಗೆ ಇನ್ನು ಚಳಿಯಾಗುವುದಿಲ್ಲ ಎಂದು ಹೊಳೆದದ್ದು ಹೊದಿಸಿದ ಮೇಲೆ.

ಆರು ವರ್ಷದ ಹಿಂದೆ ಅನಾಥಾಶ್ರಮಕ್ಕೆ ಬಂದಾಗ ಅವಳು ಎರಡು ವರ್ಷದ ಕೂಸು, ಒಂದು ಚಿಟಿಕೆ ಉಪ್ಪಿನಷ್ಟು. ಹಾಗೆ ಹೆಸರಿಟ್ಟವಳು ಅಜ್ಜಿಯೇ. ಕಡತದಲ್ಲಿ ಬೇರೆ ಹೆಸರಿತ್ತು. ಆ ಹೆಸರಿಗೆ ಹುಡುಗಿ ತಿರುಗಿಯೂ ನೋಡುತ್ತಿರಲಿಲ್ಲ.

ವಾರ್ಡನ್ ಬಂದು ನಾಡಿ ಹಿಡಿದು ನೋಡಿದರು, ಆಮೇಲೆ ಗಡಿಯಾರ ನೋಡಿದರು. ಡಾಕ್ಟರನ್ನು ಕರೆಸಿ ಎಂದು ಅಜ್ಜಿ ಎರಡು ದಿನದಿಂದ ಗೋಗರೆದಿದ್ದಳು. ಸುಣ್ಣ ಬಳಿಸುವ ಗಡಿಬಿಡಿಯಲ್ಲಿ ಅದು ನಾಳೆಗೆ, ನಾಡಿದ್ದಿಗೆ ಹೋಗಿತ್ತು. ದೂರದೇಶದ ಮಿಷನ್ನಿನಿಂದ ಇಪ್ಪತ್ತು ಜನ ಇವತ್ತು ಸೇವೆಗೆಂದು ಬರುವವರಿದ್ದರು. ಬೆಳಿಗ್ಗೆ ಶಾಲೆ, ಮಧ್ಯಾಹ್ನ ಆಶ್ರಮ, ಐದಕ್ಕೆ ಬಸ್ಸು.

"ಬಾಗಿಲು ಹಾಕಿಬಿಡಿ ಅಜ್ಜಿ," ಎಂದರು ವಾರ್ಡನ್. "ಐದು ಗಂಟೆವರೆಗೆ ಇವಳು ಸತ್ತಿಲ್ಲ."

"ಸತ್ತಿದಾಳಲ್ಲ ಸಾರ್."

"ಅದು ನಿಮಗೂ ನನಗೂ ಗೊತ್ತು. ಇವಳ ಕಾಗದದಮ್ಮ ಇವತ್ತು ಬರ್ತಿದಾರೆ, ಅದೂ ಗೊತ್ತಲ್ಲ?"

ಆಶ್ರಮದ ಹೆಚ್ಚಿನ ಮಕ್ಕಳಿಗೆ ಆ ಮಿಷನ್ನಿನಲ್ಲಿ ಖರ್ಚು ಕೊಡುವ ಒಬ್ಬೊಬ್ಬರು ಪೋಷಕರಿದ್ದರು. ವರ್ಷಕ್ಕೆ ನಾಲ್ಕು ಕಾಗದ ಬರೆಯುತ್ತಿದ್ದ ಅವರನ್ನು ಮಕ್ಕಳು ಕಾಗದದಮ್ಮ, ಕಾಗದದಪ್ಪ ಎನ್ನುತ್ತಿದ್ದವು. ಮಕ್ಕಳ ಪರವಾಗಿ ಉತ್ತರ ಬರೆಯುತ್ತಿದ್ದವಳು ಮಾತ್ರ ಒಬ್ಬಳೇ ಟೀಚರು. ಎಲ್ಲರದ್ದೂ ಒಂದೇ ಕೈಬರಹ, ಒಂದೇ ಮಾತು: ಚೆನ್ನಾಗಿ ಓದುತ್ತಿದ್ದೇನೆ, ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ. ಚಿಟಿಕೆಯ ಫೋಟೋ ಕಳಿಸಿ ನಾಲ್ಕು ವರ್ಷವಾಗಿತ್ತು.

"ವಿಷಯ ತಿಳಿದ್ರೆ ಡಾಕ್ಟರನ್ನ ಯಾಕೆ ಕರೆಸಲಿಲ್ಲ ಅಂತಾರೆ. ಆಶ್ರಮ ಮುಚ್ಚಿಸ್ತಾರೆ. ಉಳಿದ ನಲವತ್ತೊಂದು ಮಕ್ಕಳನ್ನ ನಿಮ್ಮ ಮನೇಲಿ ಇಟ್ಕೋತೀರಾ?"

"ನನಗೆ ಮನೆ ಎಲ್ಲಿದೆ ಸಾರ್."

"ಅದಕ್ಕೇ ಹೇಳಿದ್ದು."

ಅಜ್ಜಿ ಸೆರಗು ಬಿಗಿಹಿಡಿದು ನಿಂತಳು. "ಒಂದೇ ಒಂದು ಕೇಳ್ತೀನಿ. ಅವರ ಜೊತೆ ಪಾದ್ರಿಗಳು ಬರ್ತಾರಲ್ಲ. ಮಣ್ಣಿಗೆ ಹೋಗೋ ಮುಂಚೆ ಮಗುವಿಗೆ ಅವರ ಬಾಯಲ್ಲಿ ಒಂದು ಪ್ರಾರ್ಥನೆ ಮಾಡಿಸಿ. ಅನಾಥೆ ಹಾಗೆ ಹೋಗೋದು ಬೇಡ."

"ಆಗಲಿ, ಮಾಡಿಸ್ತೀನಿ. ನೀವು ಬಾಯಿಗೆ ಬೀಗ ಹಾಕ್ಕೊಳ್ಳಿ."

ಕಾಗದದಮ್ಮ ಇಲ್ಲದ ಒಂಬತ್ತು ವರ್ಷದ ದುಂಡಿಯನ್ನು ಚಿಟಿಕೆಯ ಜಾಗಕ್ಕೆ ಆರಿಸಿದರು. ಚಿಟಿಕೆಯ ಹೂವಿನ ಫ್ರಾಕಿನ ಹೊಲಿಗೆ ಬಿಚ್ಚಿ, ಅಗಲ ಮಾಡಿ ತೊಡಿಸುವ ಕೆಲಸ ಅಜ್ಜಿಯ ಪಾಲಿಗೆ ಬಂತು.

"ಅಜ್ಜೀ, ಉಸಿರು ಕಟ್ಟುತ್ತೆ."

"ಸಂಜೆವರೆಗೆ ಸಣ್ಣಗೆ ಉಸಿರಾಡೇ."

"ಚಿಟಿಕೆ ಎಲ್ಲಿ?"

"ಮಲಗಿದಾಳೆ."

ಆಡಿದ ನಾಲಗೆಯನ್ನು ಅಜ್ಜಿ ಹಲ್ಲಿನಲ್ಲಿ ಕಚ್ಚಿಕೊಂಡಳು.

ಬಂದವರು ಒಳ್ಳೆಯ ಜನ. ಒಂದೇ ಬಣ್ಣದ ಅಂಗಿ ತೊಟ್ಟು, ಶಾಲೆಯಲ್ಲಿ ಹಾಡು ಹೇಳಿದರು, ನಿನ್ನೆ ತಾನೇ ಸುಣ್ಣ ಕಂಡ ಗೋಡೆಗೆ ಬೆವರು ಸುರಿಸಿ ಮತ್ತೆ ಬಣ್ಣ ಬಳಿದರು. "ನಾನು ಅಲುಗಾಡದೆ ನಿಂತಿದ್ರೆ ನನಗೂ ಬಳಿದುಬಿಡ್ತಿದ್ರು," ಎಂದ ಶಾಲೆಯ ಜವಾನ. ಮಕ್ಕಳಿಗೆ ಸಾಬೂನು ಹಂಚಿ ಕೈ ತೊಳೆಯುವುದನ್ನು ಕಲಿಸಿದರು. ಮಕ್ಕಳಿಗೆ ಬುತ್ತಿ ತಂದು ಪಕ್ಕದಲ್ಲಿ ನಿಂತಿದ್ದ ಅಜ್ಜಿಯನ್ನೂ ಬಂದವರಲ್ಲೊಬ್ಬ ಹುಡುಗಿ ಅಕ್ಕರೆಯಿಂದ ನಲ್ಲಿಯ ಹತ್ತಿರ ಕರೆದೊಯ್ದು, ಬೆರಳು ಬೆರಳಿನ ಸಂದಿಯನ್ನೂ ತಿಕ್ಕಿಸಿದಳು. ಚಿಟಿಕೆಯ ಮೈ ಒರೆಸಿದ ಕೈ ಅದು. ಹುಡುಗಿ ಚಪ್ಪಾಳೆ ತಟ್ಟಿದಳು.

ಮಧ್ಯಾಹ್ನ ಆಶ್ರಮದಲ್ಲಿ ಕಾಗದದಮ್ಮ ಬಸ್ಸಿನಿಂದಿಳಿದವರೇ ಫೋಟೋ ಹಿಡಿದು ಹುಡುಕಿದರು. ಬೆಳ್ಳಿಕೂದಲಿನ, ಮೊಣಕಾಲು ನೋವಿನ ಹೆಂಗಸು. ವಾರ್ಡನ್ ದುಂಡಿಯನ್ನು ಮುಂದೆ ತಳ್ಳಿದರು. ಆಕೆ ನೆಲಕ್ಕೆ ಕುಸಿದು ಕೂತು ತಬ್ಬಿಕೊಂಡು ಅತ್ತುಬಿಟ್ಟರು. ಏನೋ ಹೇಳಿದರು. ವಾರ್ಡನ್ ಎಲ್ಲರಿಗೂ ಕೇಳುವಂತೆ ಅರ್ಥ ಹೇಳಿದರು: "ಫೋಟೋದಲ್ಲಿ ಮಗು ತುಂಬ ಸಣಕಲಾಗಿತ್ತು, ದಿನಾ ಪ್ರಾರ್ಥನೆ ಮಾಡ್ತಿದ್ದೆ. ನೋಡಿ, ದೇವರು ಎಷ್ಟು ಮೈಕೈ ತುಂಬಿಸಿದಾನೆ ಅಂತಿದಾರೆ."

ಗುಂಪಿನ ಫೋಟೋಕ್ಕೆ ನೆರಳಿರುವ ಮೆಟ್ಟಿಲು ಬೇಕಾಯಿತು. ನೆರಳಿದ್ದದ್ದು ಕಾಯಿಲೆ ಕೋಣೆಯ ಮುಂದೆ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಇಪ್ಪತ್ತು ಜನ ನಕ್ಕರು.

ಚಹಾದ ಹೊತ್ತಿನಲ್ಲಿ ದುಂಡಿ ಹೊಸ ಗೊಂಬೆ ಅವುಚಿಕೊಂಡು ಅಡುಗೆಮನೆಗೆ ಬಂದಳು. "ಅಜ್ಜೀ, ನನ್ನನ್ನ ಯಾರೂ ಹೀಗೆ ತಬ್ಬಿರಲಿಲ್ಲ. ಚಿಟಿಕೆ ಎದ್ದಮೇಲೂ ನಾನೇ ಅವಳಾಗಿರಬಹುದಾ?"

ಹಿಂದೆಯೇ ಬಂದ ವಾರ್ಡನ್ ಹೇಳಿದರು, "ಇನ್ಮೇಲೆ ನೀನೇ. ಓಡು, ಕಾಯ್ತಿದಾರೆ."

ಅಜ್ಜಿಯ ಕೈಯ ಸೌಟು ಹಾಗೇ ನಿಂತಿತು. ಕಡತದಲ್ಲಿ ಆ ಹೆಸರು ಬದುಕಿರುತ್ತದೆ, ಕಾಗದ ಬರೆಯುತ್ತದೆ, ಬೆಳೆಯುತ್ತದೆ. ಮಣ್ಣಿನ ಮೇಲೆ ನೆಡಲು ಒಂದು ಹೆಸರೂ ಉಳಿಯುವುದಿಲ್ಲ. ಸತ್ತವಳಿಗೆ ಅವಳ ಸಾವೂ ದಕ್ಕುವುದಿಲ್ಲ.

"ಸಾರ್, ಪಾದ್ರಿಗಳ ಪ್ರಾರ್ಥನೆ?"

"ಯಾರಿಗೆ ಅಜ್ಜಿ? ಅಲ್ಲಿ ತೊಡೆ ಮೇಲೆ ಕೂತಿರೋಳಿಗಾ?"

ಐದಕ್ಕೆ ಹತ್ತು ನಿಮಿಷವಿತ್ತು. ಕೈಬೀಸಲು ಉಳಿದ ಮಕ್ಕಳನ್ನೆಲ್ಲ ದೂರದ ಗೇಟಿನ ಬಳಿ ಸಾಲು ನಿಲ್ಲಿಸಿದ್ದರು. ಹೋದ ಕಡೆಯಲ್ಲೆಲ್ಲ ಅಲ್ಲಿಯ ಅತಿ ಹಿರಿಯ ಕೆಲಸಗಾರರಿಂದ ಕೊನೆಯ ಪ್ರಾರ್ಥನೆ ಹೇಳಿಸುವುದು ಆ ಮಿಷನ್ನಿನವರ ರೂಢಿ. ಪಾದ್ರಿಗಳು ಕಾಯಿಲೆ ಕೋಣೆಯ ಮೆಟ್ಟಿಲ ಬಳಿ ನಿಂತು ಕೈಮುಗಿದು ಅಜ್ಜಿಯನ್ನು ಕರೆದರು. ವಾರ್ಡನ್ನರ ಮುಖ ಬಿಳಿಚಿಕೊಂಡಿತು. ಅರ್ಥ ಹೇಳಲು ಅಜ್ಜಿಯ ಪಕ್ಕಕ್ಕೆ ಬಂದು ನಗುತ್ತಲೇ ಪಿಸುಗುಟ್ಟಿದರು: "ನಲವತ್ತೊಂದು, ನೆನಪಿರಲಿ."

ಅಜ್ಜಿ ಕಣ್ಣು ಮುಚ್ಚಿದಳು. "ತಂದೆಯೇ, ಇವತ್ತು ಬೆಳಿಗ್ಗೆ ನಮ್ಮ ಚಿಟಿಕೆ ಸತ್ತುಹೋದಳು. ಆ ಬಾಗಿಲ ಹಿಂದೆ ಮಲಗಿದ್ದಾಳೆ," ಎಂದು ಗಟ್ಟಿಯಾಗಿ ಹೇಳಿ ನಿಲ್ಲಿಸಿದಳು. ವಾರ್ಡನ್ ಬಂದವರ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳಿದರು. ಅಜ್ಜಿ ಕಣ್ಣು ತೆರೆದು ನೋಡಿದಳು. ಇಪ್ಪತ್ತು ಮುಖಗಳಲ್ಲೂ ಮುಗುಳ್ನಗೆ. ಪಾದ್ರಿಗಳು ತಲೆದೂಗಿ ಆಮೆನ್ ಎಂದರು. ವಾರ್ಡನ್ ಬಿಟ್ಟರೆ ಅಲ್ಲಿ ಅಜ್ಜಿಯ ಮಾತು ತಿಳಿದವಳು ಕಾಗದದಮ್ಮನ ಪಕ್ಕದಲ್ಲಿದ್ದ ದುಂಡಿ ಒಬ್ಬಳೇ. ಗೊಂಬೆ ಬಿಸುಟು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅಗಲಿಕೆಯ ದುಃಖವೆಂದುಕೊಂಡ ಕಾಗದದಮ್ಮ ಅವಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡರು.

ಇಲ್ಲಿ ಕೇಳುವವರು ಯಾರೂ ಇಲ್ಲವೆಂದು ಅಜ್ಜಿಗೆ ಮನದಟ್ಟಾಯಿತು. ವಾರ್ಡನ್ ತೋಳು ಅದುಮಿದರೂ ಅವಳು ಮತ್ತೆ ನಿಲ್ಲಿಸಲಿಲ್ಲ.

"ಕರ್ತನೇ, ಅವಳಿಗೆ ತಾಯಿ ಇರಲಿಲ್ಲ, ಮದ್ದು ಸಿಗಲಿಲ್ಲ. ನಾನು ಸುಳ್ಳಾಡಿದೆ, ಅವಳ ಬಟ್ಟೆ ಬಿಚ್ಚಿ ಇನ್ನೊಬ್ಬಳಿಗೆ ತೊಡಿಸಿದೆ. ನನ್ನ ಪಾಪ ನನ್ನ ಮೇಲಿರಲಿ. ಆ ಕೂಸನ್ನು ನೀನು ಎತ್ತಿಕೋ. ಇಲ್ಲಿ ಇನ್ನು ಯಾರೂ ಆಡದ ಅವಳ ಹೆಸರನ್ನು ನೀನು ಕರೆ. ಚಿಟಿಕೆ ಎಂದು ಕರೆ, ತಿರುಗಿ ನೋಡುತ್ತಾಳೆ. ಅವಳ ಜ್ವರ ಇಳಿಯಲಿ. ಅವಳಿಗೆ ನಿನ್ನ ಶಾಂತಿ ಸಿಗಲಿ. ಆಮೆನ್."