ತೋರುಬೆರಳಿನ ತುದಿ

ಅರಬ್ಬಿ ನಾಡಿನ ಸೊಹಾರ್ ಪಟ್ಟಣದ ಮಾಲಿನ ಮೇಲಂತಸ್ತಿನಲ್ಲಿ, ಮಕ್ಕಳು ಆಡುವ ಮೆಷಿನುಗಳ ನಡುವೆ ನಿಂತು, ನಲವತ್ತೇಳು ವರ್ಷದ ನಾನು ಬಿಳಿ ಕೈಗವಸು ಹಾಕಿಕೊಂಡು ವಿಡಿಯೋ ಗೇಮ್ ಆಡುತ್ತಿದ್ದೆ. ನಗುವವರು ನಗಲಿ. ಅವರು ಹಾಕಿದ ಅನ್ನವನ್ನು ನಾನೇನೂ ಉಣ್ಣುತ್ತಿಲ್ಲ.

ಆ ಮೆಷಿನು ನೋಡುವುದಕ್ಕೆ ಬಟ್ಟೆ ಒಗೆಯುವ ಮೆಷಿನಿನ ಹಾಗೇ ಇದೆ. ಎದುರಿಗೆ ದೊಡ್ಡ ದುಂಡು ಗಾಜು. ಹಾಡು ಶುರುವಾದರೆ ಗಾಜಿನ ನಡುವಿನಿಂದ ಬೆಳಕಿನ ಬಿಲ್ಲೆಗಳು ಅಂಚಿನತ್ತ ಓಡಿಬರುತ್ತವೆ. ಅವು ಅಂಚು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ತಟ್ಟಬೇಕು. ಬಾಣದ ಗುರುತು ಬಂದರೆ ಅದು ತೋರಿಸಿದ ದಾರಿಯಲ್ಲಿ ಬೆರಳನ್ನು ಗಾಜಿನ ಮೇಲೆ ಜಾರಿಸಿಕೊಂಡು ಹೋಗಬೇಕು. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಮಗಳು ಕ್ಯಾರೆನ್. ಹತ್ತನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ.

ನಾನು ಲಿಲ್ಲಿ. ಇಲ್ಲಿನ ಒಂದು ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಕಳೆದ ವರ್ಷ ಎದೆಯಲ್ಲಿ ಗಂಟು ಸಿಕ್ಕಿತು, ಕೊಯ್ದರು, ಔಷಧಿ ಏರಿಸಿದರು. ಕೂದಲು ಮತ್ತೆ ಬಂತು. ಬೆರಳುಗಳಿಗೂ ಅಂಗೈಗೂ ಹಿಡಿದ ಜೋಮು ಮಾತ್ರ ಬಿಡಲಿಲ್ಲ. 'ಕೈಗವಸು ಹಾಕಿದ ಹಾಗೆ ಅನ್ನಿಸಬಹುದು' ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅವರಿಗೇನು ಗೊತ್ತು? ಇಡೀ ಆಯುಷ್ಯ ಕೈಗವಸಿನಲ್ಲೇ ಕಳೆದವಳು ನಾನು. ಕೈಗವಸಿನ ಒಳಗಿಂದ ನನಗೆ ಎಲ್ಲವೂ ಗೊತ್ತಾಗುತ್ತಿತ್ತು. ಇದು ಹಾಗಲ್ಲ. ಇಲ್ಲಿ ಬೆರಳೇ ಬೇರೆ ಯಾರದೋ.

ರಕ್ತ ತೆಗೆಯುವವರಿಗೆ ಕಣ್ಣು ಇರುವುದು ತೋರುಬೆರಳಿನ ತುದಿಯಲ್ಲಿ. ದಪ್ಪ ಕೈ, ಒಣಗಿದ ಕೈ, ಹತ್ತು ಸಲ ಚುಚ್ಚಿಸಿಕೊಂಡು ಕಲ್ಲಾದ ಕೈ, ಯಾವುದರಲ್ಲೂ ನರ ಕಾಣುವುದಿಲ್ಲ. ಒತ್ತಿದರೆ ಒಳಗೊಂದು ಪುಟಿತ ಸಿಗುತ್ತದೆ, ಅಷ್ಟೇ. ಆ ಪುಟಿತಕ್ಕಾಗಿ ನಮ್ಮಲ್ಲಿ ಬಹಳ ಜನ ಕೈಗವಸಿನ ತೋರುಬೆರಳಿನ ತುದಿಯನ್ನು ಹರಿದುಬಿಡುತ್ತೇವೆ. ನಿಯಮಕ್ಕೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತೇವೆ. ಲ್ಯಾಬಿನ ಮುಖ್ಯಸ್ಥ ಬಾಸಿಲ್, ನಮ್ಮ ಬೆಳ್ತಂಗಡಿ ಕಡೆಯವನು, ಅದಕ್ಕಾಗಿ ನನ್ನನ್ನು ಬೈಯದ ವಾರವಿರಲಿಲ್ಲ. ಬೈದು, ಕಷ್ಟದ ಕೈ ಬಂದಾಗ ನನ್ನನ್ನೇ ಕರೆಯುತ್ತಿದ್ದ.

ಕಾಯಿಲೆಯ ರಜೆ ಮುಗಿಯುತ್ತ ಬಂದಿತ್ತು. ನಾನು ಮೊದಲಿನ ಹಾಗೆ ರಕ್ತ ತೆಗೆಯಬಲ್ಲೆ ಎಂದು ಬಾಸಿಲ್ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಕೆಲಸ ಖಲಾಸ್, ಅದರ ಬೆನ್ನಿಗೆ ವೀಸಾ. ಕ್ಯಾರೆನ್ ವರ್ಷದ ನಡುವೆಯೇ ಶಾಲೆ ಬಿಟ್ಟು ಊರಿಗೆ ಹೊರಡಬೇಕು. ಅಲ್ಲಿ ಅವಳ ಅಪ್ಪ ಇನ್ನೊಂದು ಸಂಸಾರ ಕಟ್ಟಿಕೊಂಡು ಸುಖವಾಗಿದ್ದಾನೆ. ಅವನ ಊರಿನ ಬಸ್ಸು ಹತ್ತುವುದಕ್ಕಿಂತ ನಾನು ಈ ಗಾಜನ್ನೇ ತಟ್ಟುತ್ತ ಸಾಯುತ್ತೇನೆ ಎಂದುಕೊಂಡಿದ್ದೆ.

ಬೆರಳಿಗೆ ವ್ಯಾಯಾಮ ಕೊಡಿ ಎಂದಿದ್ದರು. ಸ್ಪಂಜು ಹಿಂಡಿ ಹಿಂಡಿ ನನಗೆ ಸಾಕಾಗಿತ್ತು. ಆಗ ಕ್ಯಾರೆನ್ ಈ ಗೇಮಿನ ವಿಷಯ ಎತ್ತಿದಳು. ಮೊದಲ ದಿನ ಬರಿಗೈಯಲ್ಲಿ ಆಡಿದೆ. ಬೆವರಿದ ಬೆರಳು ಗಾಜಿಗೆ ಅಂಟಿಕೊಂಡು, ಜಾರಬೇಕಾದಲ್ಲಿ ಕಚ್ಚಿಕೊಂಡು ನಿಂತಿತು. ಪಕ್ಕದ ಮೆಷಿನಿನ ಹುಡುಗಿಯರೆಲ್ಲ ತೆಳು ಕೈಗವಸು ಹಾಕಿದ್ದರು. ಅವರ ಕೈಗಳು ಎಣ್ಣೆ ಸವರಿದ ಹಾಗೆ ಓಡುತ್ತಿದ್ದವು.

ಮಾರನೆಯ ದಿನ ಕ್ಯಾರೆನ್ ನನಗೂ ಒಂದು ಜೊತೆ ತಂದಳು. ನಾನು ಹಾಕಿಕೊಂಡವಳೇ ಬಲಗೈ ತೋರುಬೆರಳಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ.

"ಮಮ್ಮಿ! ವಾಟ್ ಆರ್ ಯು ಡೂಯಿಂಗ್?"

"ಎಂತದೂ ಇಲ್ಲ ಮಾರಾಯ್ತಿ, ಅಭ್ಯಾಸ."

"ಅದು ಸ್ಲೈಡ್ ಆಗ್ಲಿಕ್ಕೆ ಇರುದು. ಫೀಲ್ ಮಾಡ್ಲಿಕ್ಕೆ ಅಲ್ಲ!"

ಅವಳು ಹೇಳಿದ್ದೇ ಸರಿ. ಒಂಬತ್ತು ಬೆರಳು ಜಾರಿದವು, ಹರಿದ ಬೆರಳೊಂದು ಅಂಟಿಕೊಂಡಿತು. ಅವಳು ಗೊಣಗುತ್ತ ಇನ್ನೊಂದು ಜೊತೆ ತಂದುಕೊಟ್ಟಳು. ಅದನ್ನು ನಾನು ಹರಿಯಲಿಲ್ಲ.

ಆಮೇಲೆ ಸ್ಕೋರು ಏರತೊಡಗಿತು. ಮೊದಲು ನಿಧಾನದ ಹಾಡು, ಮತ್ತೆ ವೇಗದ ಹಾಡು. ಕೈಗಳು ಒಂದನ್ನೊಂದು ದಾಟಿ ಓಡುತ್ತಿದ್ದವು, ಬಿಲ್ಲೆಗಳು ಸಿಡಿದು ಚಿನ್ನದ ಬಣ್ಣವಾಗುತ್ತಿದ್ದವು. ಸ್ಕೂಲ್ ಬಸ್ ಇಳಿದವಳೇ ಕ್ಯಾರೆನ್ "ಮಾಲ್‌ಗೆ ಹೋಗುವನಾ?" ಎನ್ನುವಳು. ನಾನು ಆಡುವುದನ್ನು ಫೋನಿನಲ್ಲಿ ಹಿಡಿಯುವಳು. "ಸೀ? ನಿಮ್ಮ ಕೈ ಸರಿಯಾಗ್ತಾ ಉಂಟು!" ನಾನೂ ನಂಬಿದೆ. ನಂಬಿದೆನೇ ಹೊರತು ಖುಷಿಯಾಗಲಿಲ್ಲ. ಕಾಯಿಲೆಯ ನಂತರ ನನಗೆ ಖುಷಿ, ದುಃಖ ಎರಡೂ ಪಕ್ಕದ ಮನೆಯ ಟೀವಿಯ ಹಾಗೆ ಕೇಳಿಸುತ್ತಿದ್ದವು. ಮಗಳು ಕುಣಿಯುವುದನ್ನು ನೋಡಿ, ಇಲ್ಲಿ ನಗಬೇಕು ಎಂದು ನೆನಪು ಮಾಡಿಕೊಂಡು ನಗುತ್ತಿದ್ದೆ.

ನನ್ನ ಪರೀಕ್ಷೆಯ ದಿನ ಬಾಸಿಲ್ ಕುರ್ಚಿಯಲ್ಲಿ ಕೂತು ತನ್ನ ಅಂಗಿಯ ತೋಳನ್ನೇ ಮಡಚಿದ.

"ನನ್ನ ಕೈಯಿಂದಲೇ ಶುರು ಮಾಡಿ ಲಿಲ್ಲಿ. ಸತ್ತರೂ ಕಂಪ್ಲೇಂಟ್ ಕೊಡುದಿಲ್ಲ."

ವ್ಯಾಯಾಮ ಮಾಡುವ ಮನುಷ್ಯ. ಮೊಣಕೈ ಮಡಿಕೆಯಲ್ಲಿ ನರ ಹಗ್ಗದಷ್ಟು ಉಬ್ಬಿತ್ತು. ದೂರದಿಂದಲೇ ಕಾಣುತ್ತಿತ್ತು. ರಬ್ಬರು ಕಟ್ಟಿದೆ, ಚುಚ್ಚಿದೆ. ಟ್ಯೂಬು ತುಂಬಿತು.

"ಮುಗೀತು ಮಾರಾಯ್ರೆ. ಇನ್ನೆಂತ ನೋಡ್ಲಿಕ್ಕೆ ಉಂಟು? ನಾಳೆಯಿಂದ ಬನ್ನಿ" ಎಂದ. ಅವನ ಮುಖದಲ್ಲಿ ನನಗಿಂತ ಹೆಚ್ಚು ಸಮಾಧಾನವಿತ್ತು. ನಾನು ಕ್ಯಾರೆನ್‌ಗೆ 'ಪಾಸ್' ಎಂದು ಮೆಸೇಜು ಕಳಿಸಿದೆ. ಅವಳಿಂದ ಕೆಂಪು ಹೃದಯಗಳ ಒಂದು ಸಾಲು ಬಂತು.

ಹೊರಡುವುದಕ್ಕೆ ಚೀಲ ಎತ್ತಿಕೊಂಡಾಗ ಹೊರಗೆ "ವೇನ್ ಲಿಲ್ಲಿ?" ಎಂದು, ಲಿಲ್ಲಿ ಎಲ್ಲಿ ಎಂದು ಅರಬ್ಬಿಯಲ್ಲಿ ಕೇಳುವ ದನಿ. ಸುವೈಕ್ ಎಂಬ ಊರಿನಿಂದ ಬರುವ ಅಜ್ಜಿ. ಸಕ್ಕರೆ ಕಾಯಿಲೆ, ಕಿಡ್ನಿ ಬೇರೆ. ವರ್ಷವೆಲ್ಲ ಬೇರೆಯವರ ಕೈಯಲ್ಲಿ ನಾಲ್ಕು ನಾಲ್ಕು ಕಡೆ ಚುಚ್ಚಿಸಿಕೊಂಡಿದ್ದಳಂತೆ. ನನ್ನನ್ನು ಕಂಡವಳೇ ಅರಬ್ಬಿಯಲ್ಲಿ ದೇವರಿಗೆ ವಂದನೆ ಹೇಳಿ, ತೋಳಿನ ಬಟ್ಟೆ ಸರಿಸಿ ಕೈ ಮುಂದೆ ಚಾಚಿದಳು. ಬಾಸಿಲ್ ನಗುತ್ತ "ಯಲ್ಲಾ, ಮಾಡಿಬಿಡಿ" ಎಂದ.

ಅವಳ ತೋಳಿನಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಬರೀ ಹಳೆಯ ನೀಲಿ ಕಲೆಗಳು. ಒತ್ತಿದೆ. ಇನ್ನಷ್ಟು ಒತ್ತಿದೆ. ಕೈಗವಸಿನ ತುದಿ ಹರಿದು ಬರಿಬೆರಳಿನಲ್ಲಿ ಹುಡುಕಿದೆ. ನನಗೆ ಚರ್ಮವೂ ಸಿಗಲಿಲ್ಲ. ಮೇಜನ್ನು ಒತ್ತಿದಂತೆಯೂ ಇರಲಿಲ್ಲ, ಮೇಜಾದರೆ ಗಟ್ಟಿಯೆಂದಾದರೂ ಗೊತ್ತಾಗುತ್ತಿತ್ತು. ಆಗ ನನಗೆ ಅರ್ಥವಾಯಿತು. ಇಷ್ಟು ದಿನ ಗೇಮು ಆಡಿದ್ದು ನನ್ನ ಕಣ್ಣು ಮತ್ತು ಕಿವಿ. ಬೆರಳು ಏನನ್ನೂ ತಿಳಿಯಬೇಕಾಗಿರಲಿಲ್ಲ, ಜಾರಿದರೆ ಸಾಕಿತ್ತು.

ಚುಚ್ಚಬಹುದಿತ್ತು. ಅಂದಾಜಿನ ಮೇಲೆ ಒಂದು, ತಪ್ಪಿದರೆ ಇನ್ನೊಂದು. ಅಜ್ಜಿ ನನ್ನನ್ನು ಬೈಯುತ್ತಿರಲಿಲ್ಲ, ಬಾಸಿಲ್ ನೋಡಿಯೂ ನೋಡದಂತಿರುತ್ತಿದ್ದ. ಕ್ಯಾರೆನ್‌ಳ ಪರೀಕ್ಷೆಯವರೆಗೆ ಹೀಗೇ ಎಳೆಯಬಹುದಿತ್ತು. ಅದನ್ನೂ ಯೋಚಿಸಿದೆ, ಸುಳ್ಳೇಕೆ. ಅಜ್ಜಿ ಕಣ್ಣು ಮುಚ್ಚಿ, ನೋವೇ ಆಗುವುದಿಲ್ಲವೆಂಬ ನಂಬಿಕೆಯಲ್ಲಿ ನಿರಾಳವಾಗಿ ಕೂತಿದ್ದಳು. ನಾನು ರಬ್ಬರು ಬಿಚ್ಚಿದೆ.

"ಬಾಸಿಲ್, ನೀವು ಬನ್ನಿ. ನನಗೆ ಸಿಗುದಿಲ್ಲ."

"ಇನ್ನೊಂದು ಸಲ ನೋಡಿ, ಸಿಗ್ತದೆ."

"ನಾಳೆಯೂ ಸಿಗುದಿಲ್ಲ. ನೀವು ರಿಪೋರ್ಟಿನಲ್ಲಿ ಬರೆಯುದನ್ನು ಸರಿಯಾಗಿ ಬರೀರಿ."

ಅವನು ಕೈಗವಸು ಹಾಕಿಕೊಂಡ. ಆಮೇಲೆ ಬಂದು ಅಜ್ಜಿಯ ಪಕ್ಕ ಕೂತ. ಎರಡನೇ ಚುಚ್ಚಿಗೆ ರಕ್ತ ಬಂತು. ಅಜ್ಜಿ ಬಾಸಿಲ್‌ನನ್ನು ಬೈಯುತ್ತಿದ್ದುದು ಹೊರಗಿನವರೆಗೂ ಕೇಳಿಸಿತು.

ಮನೆಯ ಬಾಗಿಲು ತೆರೆದ ಕ್ಯಾರೆನ್ ಆಗಲೇ ಮಾಲಿಗೆ ಹೊರಟ ಬಟ್ಟೆಯಲ್ಲಿದ್ದಳು. ಮಾತಿಗೆ ಅವಕಾಶ ಕೊಡದೆ ಕೂರಿಸಿದೆ. ನಡೆದದ್ದನ್ನು ಸುತ್ತಿಬಳಸದೆ ಹೇಳಿದೆ. ಕೆಲಸ ಹೋಯಿತು, ಶಾಲೆಯಲ್ಲಿ ಟೀಸಿ ಕೇಳಬೇಕಾಗುತ್ತದೆ, ಊರಿಗೆ ಹೋಗಬೇಕಾಗುತ್ತದೆ.

"ಬಟ್ ಯು ಪಾಸ್ಡ್" ಎಂದಳು. "ನೀವೇ ಮೆಸೇಜ್ ಮಾಡಿದ್ದು."

"ಹೌದು. ಅದು ಬಾಸಿಲ್‌ನ ಕೈ. ಕಾಣ್ತಿತ್ತು."

"ಮತ್ತೆ ಆ ಸ್ಕೋರ್?"

"ಅದೂ ಕಾಣ್ತಿತ್ತು ಮಗಾ."

ಅವಳು ಬೈಯಲಿಲ್ಲ. ಯಾಕೆ ಚುಚ್ಚಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ, ಅದನ್ನೂ ಕೇಳಲಿಲ್ಲ. ನನ್ನ ಎರಡೂ ಕೈಗಳನ್ನು ಎಳೆದುಕೊಂಡು, ಅಂಗೈಗಳೊಳಗೆ ಮುಖವಿಟ್ಟು ಮಗುವಿನ ಹಾಗೆ ಕೂತಳು. ಹಾಗೇ ಕೂತಿದ್ದೆವು. ಸುಮ್ಮನಿದ್ದಾಳೆ, ಪರವಾಗಿಲ್ಲ, ಗಟ್ಟಿ ಹುಡುಗಿ ಎಂದುಕೊಂಡೆ.

ಅವಳು ಎದ್ದು ಒಳಗೆ ಹೋದ ಮೇಲೆ ನೋಡಿದೆ. ನನ್ನ ಅಂಗೈ ಪೂರ್ತಿ ಒದ್ದೆಯಾಗಿತ್ತು.