ಧಣಿಯ ಪರ ವಕೀಲೆ

ಚೀಟಿ ಎತ್ತಿದಾಗ ಸಮತಾಗೆ ಧಣಿಯ ಪಕ್ಷ ಬಂತು. ನನಗೆ ಮೈಯೆಲ್ಲ ಉರಿಯಿತು. 1999ರಲ್ಲಿ ಶಿವಮೊಗ್ಗದ ನಮ್ಮ ಲಾ ಕಾಲೇಜಿನ ಅಣಕು ನ್ಯಾಯಾಲಯದ ಫೈನಲ್‌ನಲ್ಲಿ ನಾನೂ ಅವಳೂ ಒಂದೇ ತಂಡ. ಮೊಕದ್ದಮೆ ಅಮೆರಿಕದ ಹಳೆಯ ವರ್ಜೀನಿಯಾದ್ದು. ತಾಯಿ ಗುಲಾಮಳು, ತಂದೆ ಸ್ವತಂತ್ರ ಇಂಗ್ಲೆಂಡಿನವನು. ನನ್ನನ್ನು ಬಿಡುಗಡೆ ಮಾಡಿ ಎಂದು ಮಗಳು ಕೋರ್ಟಿಗೆ ಬಂದಿದ್ದಾಳೆ. ಆದರೆ 1662ರ ಅಲ್ಲಿನ ಕಾನೂನಿನಂತೆ ಮಗುವಿಗೆ ತಾಯಿಯ ಸ್ಥಿತಿಯೇ ಗತಿ. ಅವಳು ಧಣಿಯ ಆಸ್ತಿ ಎಂದು ನಾವು ಸಾಧಿಸಬೇಕಿತ್ತು.

ಭದ್ರಾವತಿಯಿಂದ ಬರುತ್ತಿದ್ದ ಸಮತಾಳ ತಾಯಿ ಚಿನ್ನಮ್ಮ ಹುಟ್ಟಿದ್ದೇ ಜೀತದಲ್ಲಿ. ಅವರಮ್ಮ ಜೀತಕ್ಕಿದ್ದರು, ಹಾಗಾಗಿ ಇವರೂ.

"ಪಕ್ಷ ಬದಲಾಯಿಸಿ ಅಂತ ಕೇಳೋಣ ಮಾರಾಯ್ತಿ," ಎಂದೆ.

"ಬೇಡ ಅತೀಕಾ. ನಾಳೆ ನಿಜವಾದ ಕೋರ್ಟಲ್ಲಿ ಎದುರಿನವರು ಇದನ್ನೇ ಹೇಳ್ತಾರೆ. ಮೊದಲು ನಾನೇ ಹೇಳಿ ನೋಡ್ತೀನಿ."

ಎಂಥ ಗುಂಡಿಗೆ! ಗೆದ್ದವರಿಗೆ ಹಿರಿಯ ವಕೀಲ ಷಣ್ಮುಖಪ್ಪನವರ ಆಫೀಸಿನಲ್ಲಿ ಜೂನಿಯರ್ ಕೆಲಸವಿತ್ತು. ನನಗಾದರೆ ವಕೀಲ ಚಿಕ್ಕಪ್ಪ ಇದ್ದರು. ಅವಳ ಕೈಹಿಡಿಯುವವರು ಬೇರೆ ಯಾರೂ ಇರಲಿಲ್ಲ.

ಫೈನಲ್ ದಿನ ಷಣ್ಮುಖಪ್ಪನವರೇ ನ್ಯಾಯಾಧೀಶರು. ಸಮತಾಳ ಒಂದೊಂದು ಮಾತೂ ಅಳೆದು ತೂಗಿದ್ದು. ಎದುರು ತಂಡದವರ ಮುಖ ಬಾಡಿತು. ಕಪ್ಪು ಕೋಟಿನ ಮಗಳನ್ನು ನೋಡಲು ಬಂದ ಚಿನ್ನಮ್ಮ ಹಿಂದೆ ಗೋಡೆಗೂ ಒರಗದೆ ಕೈಕಟ್ಟಿ ನಿಂತಿದ್ದರು. ಪಕ್ಕದಲ್ಲೇ ಕುರ್ಚಿ ಖಾಲಿ ಇತ್ತು. ದೊಡ್ಡವರ ಎದುರು ಕೂತು ಅವರಿಗೆ ಅಭ್ಯಾಸವಿರಲಿಲ್ಲ.

"ತಾಯಿ ಆಸ್ತಿ ಎಂದ ಮೇಲೆ ಮಗಳೂ..." ಎಂದ ಸಮತಾ ಅತ್ತ ನೋಡಿ ಮಾತು ನಿಲ್ಲಿಸಿದಳು.

"ಮುಂದುವರಿಸಿ," ಎಂದರು ಷಣ್ಮುಖಪ್ಪ.

"ಕ್ಷಮಿಸಿ ಮಹಾಸ್ವಾಮಿ. ನಮ್ಮಮ್ಮ ನಿಂತಿದ್ದಾರೆ. ಅವರು ಕೂತ ಮೇಲೆ ವಾದ ಮಾಡ್ತೀನಿ."

ನಮಗೆ ಕೊಟ್ಟ ಸಮಯ ಓಡುತ್ತಿತ್ತು. ನಾನು ಅವಳ ಕೋಟು ಎಳೆದೆ. ಅವಳು ಅಲುಗಲಿಲ್ಲ.

"ಪರವಾಗಿಲ್ಲ ಬಿಡು ಮಗಾ, ನಂಗೆ ರೂಢಿ," ಎಂದು ಚಿನ್ನಮ್ಮ ಗೋಗರೆದರು.

"ಕೂತ್ಕೋ ಅಮ್ಮ."

ಕೊನೆಗೂ ಅವರು ಕುರ್ಚಿಯ ತುದಿಯಲ್ಲಿ ಕೂತರು. ಸಮತಾ ಬಿಟ್ಟಲ್ಲಿಂದಲೇ ಶುರುಮಾಡಿದಳು. ವಾದ ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ನಾವು ಸೋತೆವು. ಜೂನಿಯರ್ ಕೆಲಸ ಎದುರು ತಂಡದ ಹಾಲೇಶನ ಪಾಲಾಯಿತು. ನನ್ನ ಹೊಟ್ಟೆ ಉರಿದದ್ದು ನಿಜ. ಆದರೂ ಅವಳ ಪಕ್ಕದಲ್ಲಿ ಕೂತಿದ್ದೆನಲ್ಲ ಎಂಬ ಆವತ್ತಿನ ಹೆಮ್ಮೆ, ಆಮೇಲೆ ಗೆದ್ದ ಯಾವ ಕೇಸಿನಲ್ಲೂ ನನಗೆ ಸಿಕ್ಕಿಲ್ಲ.

ತೀರ್ಪು ಓದಿ ಷಣ್ಮುಖಪ್ಪ ಎದ್ದರು. ಕೋರ್ಟಿನ ಪದ್ಧತಿಯಂತೆ ಸಭೆಯಲ್ಲಿದ್ದವರೆಲ್ಲ ಎದ್ದು ನಿಂತರು. ಚಿನ್ನಮ್ಮ ಮಾತ್ರ ಕೂತೇ ಇದ್ದರು. ಮಗಳು ಇನ್ನೂ ಏಳು ಅಂದಿರಲಿಲ್ಲ.